ದಾಮ್ಸರ ಜಾಗ

ಲಿಂಡೆಲೋ ಊರಿನಲ್ಲಿ ಏನೇ ಕಳೆದರೂ ಮೊದಲು ಕೇಳಿಬರುವುದು ಒಂದೇ ಮಾತು: "ದಾಮ್ಸರ ಮನೇಲಿ ನೋಡಿದ್ರಾ?" ಸೂಜಿ ಕಳೆಯಲಿ, ಕೋಳಿ ಕಳೆಯಲಿ, ಕುಡಿದ ಗಂಡ ದಾರಿ ತಪ್ಪಿ ಎಲ್ಲೋ ಬಿದ್ದಿರಲಿ, ಮಾತು ಅದೇ. ಆಡುವವರಿಗೆ ಅದೊಂದು ತಮಾಷೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆ ಮನೆಯಲ್ಲಿ ಈಗ ಉಳಿದಿದ್ದವರು ಇಬ್ಬರೇ: ಅರವತ್ತೊಂದು ವರ್ಷದ ಡಿಂಫ್ನಾ ಮತ್ತು ಅವಳ ಸೋದರತ್ತೆ, ಎಂಬತ್ತೇಳರ ಕೊಲೆಟಾ. ಇಬ್ಬರಿಗೂ ಮದುವೆಯಾಗಿಲ್ಲ. ಬಂದ ಸಂಬಂಧಗಳು ಆ ಮಾತು ಕೇಳಿಯೇ ಹಿಂದೆ ಸರಿದವು ಎಂದು ಕೊಲೆಟಾ ಹೇಳುತ್ತಾಳೆ. ನಮ್ಮ ಮೂಗು ನೋಡಿ ಸರಿದವು ಎಂದು ಡಿಂಫ್ನಾ ನಗುತ್ತಾಳೆ. ನಗುವುದು ಅತ್ತೆಯ ಎದುರಿಗೆ ಮಾತ್ರ.

ಇದಕ್ಕೆಲ್ಲ ಮೂಲ ಚರ್ಚಿನ ಬಲಿಪೀಠದ ಮೇಲೆ ನಿಂತಿರುವ ಓಕ್ ಮರದ ಕೆತ್ತನೆ. ಊರವರು ಅದನ್ನು ಬರೀ 'ಪೆಟ್ಟಿಗೆ' ಎನ್ನುತ್ತಾರೆ. ಆಂಟ್ವರ್ಪಿನ ಕೆತ್ತನೆಗಾರರು ಮಾಡಿಕೊಟ್ಟದ್ದು. ಮರ ಒಳ್ಳೆಯದೆಂಬ ಗುರುತಿಗೆ ಅವರು ಕಬ್ಬಿಣ ಕಾಯಿಸಿ ಒತ್ತಿದ ಪುಟ್ಟ ಕೈಯ ಮುದ್ರೆ ಇಂದಿಗೂ ಅದರ ಮೈಮೇಲಿದೆ. ನಾನೂರೈವತ್ತು ವರ್ಷಗಳಲ್ಲಿ ಅದು ಕಾಣದ್ದಿಲ್ಲ. ವಿಗ್ರಹ ಒಡೆಯುವವರು ಪಕ್ಕದ ಊರಿನವರೆಗೆ ಬಂದರು. ಅಲ್ಲಿನ ಬಿಯರು ಚೆನ್ನಾಗಿತ್ತು, ಅಲ್ಲೇ ಉಳಿದರು. ಇದು ಹಳೇ ಮರ, ಮಾರಿ ಅಮೃತಶಿಲೆ ತರೋಣ ಎಂದು ಒಬ್ಬ ಪಾದ್ರಿ ಹಟ ಹಿಡಿದಾಗ ಊರಿಗೆ ಊರೇ ಕಿವುಡಾಯಿತು. ಫ್ರೆಂಚರು ಬಂದು ಚರ್ಚಿಗೆ ಬೀಗ ಜಡಿದಾಗ ಮಾತ್ರ ಪೆಟ್ಟಿಗೆಗೆ ಕಷ್ಟ ಬಂತು. ಬಣ್ಣದ ಚಿತ್ರವಿದ್ದ ಎರಡು ಬಾಗಿಲುಗಳನ್ನು ಸಿಪಾಯಿಗಳು ಕಿತ್ತು ಮಾರಿಕೊಂಡರು. ಮೇಲಿನ ಅಂತಸ್ತಿನಲ್ಲಿ ಮರಿಯಮ್ಮನ ತಾಯಿ ಸಂತ ಅನ್ನಮ್ಮನ ವಂಶವೆಲ್ಲ ಒಂದೇ ದಿಮ್ಮಿಯಲ್ಲಿತ್ತು, ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಕೆಳಗಿನ ಕೋಣೆಯ ಗೊಂಬೆಗಳು ಬಿಡಿಬಿಡಿಯಾಗಿದ್ದವು. ಬಾಲಯೇಸು ಹುಟ್ಟಿದ ಕೊಟ್ಟಿಗೆ ಅದು. ಅವಾದರೂ ಸಿಪಾಯಿಗಳಿಗೆ ಸಿಗದಿರಲೆಂದು ಊರವರು ಗೋಣಿಯಲ್ಲಿ ಸುತ್ತಿ, ಒಂದೊಂದು ಮನೆಗೆ ಒಂದೊಂದು ಗಂಟಿನಂತೆ, ಚರ್ಚಿನ ಸುತ್ತಲಿನ ಏಳು ಮನೆಗಳಿಗೆ ಹಂಚಿದರು.

ನಾಲ್ಕು ವರ್ಷದ ಮೇಲೆ ಚರ್ಚು ತೆರೆಯಿತು. ಗಂಟುಗಳು ಮರಳಿ ಬಂದವು. ಅಂದಿನ ಪಾದ್ರಿ ಒಬ್ಬರೇ ಕೂತು ಎಲ್ಲವನ್ನೂ ಬಿಚ್ಚಿ ಒಳಗೆ ನಿಲ್ಲಿಸಿದರು. ಮಡಿಲ ತುದಿಯಲ್ಲಿ ಮಗುವಿದ್ದ ಮರಿಯಮ್ಮ, ಹಾಲುಗಂಜಿ ಕಾಯಿಸುವ ಜೋಸೆಫ್, ಒಬ್ಬ ಸೂಲಗಿತ್ತಿ, ಇಬ್ಬರು ಕುರುಬರು, ಒಬ್ಬ ದೇವದೂತ. ಒಟ್ಟು ಆರು. ಸೂಲಗಿತ್ತಿಗೂ ಕುರುಬನಿಗೂ ನಡುವೆ, ಮಗುವಿಗೆ ನೇರ ಎದುರಿಗೆ, ಒಬ್ಬರು ನಿಲ್ಲುವಷ್ಟು ಜಾಗ ಖಾಲಿ. ಮೊದಲು ಅಲ್ಲಿ ಯಾರಿದ್ದರು? ಎತ್ತು ಇತ್ತು ಎಂದರು ಕೆಲವರು. ಮೂರನೇ ಕುರುಬ ಎಂದರು ಇನ್ನು ಕೆಲವರು. ಯಾರೋ ಇದ್ದದ್ದಂತೂ ಖಂಡಿತ ಎಂದು ಎಲ್ಲರೂ ಆಣೆ ಮಾಡಿದರು. ಏಳು ಮನೆಗೆ ಆರು ಗೊಂಬೆ. ಆರು ಮನೆಯವರು ತಮ್ಮ ತಮ್ಮ ಗೊಂಬೆ ತೋರಿಸಿದರು. ದಾಮ್ಸ್ ಮನೆಯಲ್ಲಿ ಗಂಟು ತೆಗೆದುಕೊಂಡಿದ್ದ ಮುದುಕಿ ಅಷ್ಟರಲ್ಲಿ ತೀರಿಹೋಗಿದ್ದಳು. ಅವಳ ಸೊಸೆ ಗಂಟನ್ನು ಬಿಚ್ಚದೆ ಹಾಗೆಯೇ ಒಪ್ಪಿಸಿ ಬಂದಿದ್ದಳು. "ಕೊಟ್ಟಿದ್ದೀವಿ" ಎಂದಳು. "ಏನು ಕೊಟ್ರಿ?" ಎಂದರೆ "ನೋಡ್ಲಿಲ್ಲ" ಎಂದಳು. ಬಿಚ್ಚಿದ್ದ ಪಾದ್ರಿ ಆ ಚಳಿಗಾಲ ದಾಟಲಿಲ್ಲ. ಅಂದಿನಿಂದ ಆ ಖಾಲಿ ಜಾಗಕ್ಕೆ ದಾಮ್ಸರ ಜಾಗ ಎಂದೇ ಹೆಸರು.

ಪ್ರತಿವರ್ಷ ಅನ್ನಮ್ಮನ ಹಬ್ಬದ ಹಿಂದಿನ ದಿನ ಆರು ಮನೆಯ ಹೆಂಗಸರು ಮಳೆನೀರಿನ ಬಕೆಟ್ಟು, ಕಂದು ಸೋಪು ಹಿಡಿದು ಬಂದು ತಮ್ಮ ತಮ್ಮ ಗೊಂಬೆಗೆ ಸ್ನಾನ ಮಾಡಿಸುತ್ತಾರೆ. ಕೊಳೆ ಎಂದರೆ ಪಾಪಕ್ಕಿಂತ ಒಂದು ಕೈ ಮೇಲು ಎಂದು ನಂಬಿದ ಊರು ಇದು. ಹೊಸಿಲನ್ನು ವಾರಕ್ಕೆರಡು ಸಲ ಉಜ್ಜುವ ಹೆಂಗಸರು ಸಂತರನ್ನು ಬಿಡುತ್ತಾರೆಯೇ? ಡಿಂಫ್ನಾ ವರ್ಷವಿಡೀ ಚರ್ಚು ಗುಡಿಸುವವಳು. ಆದರೆ ಬಲಿಪೀಠದ ಮೆಟ್ಟಿಲನ್ನು ಅವಳು ಎಂದೂ ಹತ್ತುವಂತಿಲ್ಲ; ಆ ದಿನವೂ ಕೆಳಗೆ ನಿಂತು ಅವರು ಚೆಲ್ಲಿದ ನೀರು ಒರೆಸಬೇಕು. ಕೊಲೆಟಾ ಆ ದಿನ ಚರ್ಚಿನ ಕಡೆಗೇ ಬರುವುದಿಲ್ಲ. ಮನೆಯಲ್ಲಿ ಕೂತು ಹಾಲುಗಂಜಿಯ ಕುಡಿಕೆಯನ್ನು ಮರಳು ಹಾಕಿ ತಿಕ್ಕುತ್ತಾಳೆ. ಯಾಕೆಂದರೆ ಅವಳ ಅಜ್ಜಿ ತಿಕ್ಕುತ್ತಿದ್ದಳು. ಉಳಿದ ಭಾನುವಾರಗಳಲ್ಲೂ ಬಾಗಿಲ ಪಕ್ಕದ ಕೊನೆಯ ಬೆಂಚೇ ಅವಳದು.

ಡಿಂಫ್ನಾಳ ನಿಜವಾದ ನೋವು ಊರವರ ಮಾತಲ್ಲ. ಆ ಮಾತು ನಿಜವಿರಬಹುದೇನೋ ಎಂದು ಅವಳಿಗೇ ಅನ್ನಿಸುತ್ತಿತ್ತು. ಅಟ್ಟದ ಹಲಗೆ ಕಿತ್ತು ನೋಡಿದ್ದಳು. ರೊಟ್ಟಿ ಒಲೆಯ ಅಡಿ ಅಗೆದಿದ್ದಳು. ಒಂದು ಬೇಸಿಗೆಯಲ್ಲಿ ಬಾವಿಗೂ ಇಳಿದು, ಮೇಲೆ ಬರಲಾರದೆ ಕೂಗಿಕೊಂಡು, ಅದಕ್ಕೂ ನಗೆಪಾಟಲಾಗಿದ್ದಳು. ಅತ್ತೆ ಕಣ್ಣು ಮುಚ್ಚುವ ಮೊದಲು ಹೌದು ಅಥವಾ ಅಲ್ಲ, ಎರಡರಲ್ಲಿ ಒಂದು ತಿಳಿದರೆ ಸಾಕೆಂಬುದು ಅವಳ ಆಸೆ.

೧೯೫೮ರ ಜುಲೈಯಲ್ಲಿ ಬ್ರಸೆಲ್ಸಿನಿಂದ ಯೊಸೀನ್ ಎಂಬ ಹುಡುಗಿ ಬಂದಳು. ಮೂವತ್ತು ತುಂಬಿರಲಿಲ್ಲ, ಪ್ಯಾಂಟು ಹಾಕಿದ್ದಳು. ಹಳೆಯ ಕೆತ್ತನೆಗಳಿಗೆ ವೈದ್ಯ ಮಾಡುವುದು ಅವಳ ಕೆಲಸ. ಪೆಟ್ಟಿಗೆಗೆ ಹುಳು ಬಿದ್ದಿದೆ ಎಂದು ಪಾದ್ರಿಗಳೇ ಕಾಗದ ಬರೆದು ಕರೆಸಿದ್ದರು. ಅವಳು ಏಣಿ ಹತ್ತಿ ಜೋಸೆಫನ ಕೆನ್ನೆ ಮುಟ್ಟಿ ನೋಡಿ, ಕೆಳಗೆ ಗುಡಿಸುತ್ತಿದ್ದ ಡಿಂಫ್ನಾಳನ್ನು ಕರೆದಳು.

"ಅಮ್ಮಾ, ಇವನ ಕೆನ್ನೆ ಬಣ್ಣ ಎಲ್ಲಿ ಹೋಯ್ತು?"

"ತೊಳೆದು ತೊಳೆದು ಹೋಗಿರಬೇಕು, ಮೇಡಂ."

"ತೊಳೆದಾ? ಯಾರು ತೊಳೀತಾರೆ?"

"ರೊಮಾನಿ ಲೆನಾರ್ಟ್ಸ್ ಅವರು. ಬಿಯರ್ ಭಟ್ಟಿಯೋರು. ಜೋಸೆಫ್ ಅವರ ಮನೆಯೋನು. ವರ್ಷಕ್ಕೊಂದು ಸಲ, ಸೋಪು ಹಾಕಿ, ಬ್ರಷ್ ಹಿಡಿದು."

ಯೊಸೀನ್ ಏಣಿಯ ಮೇಲೆಯೇ ಕೂತುಬಿಟ್ಟಳು. "ಯುದ್ಧ ಎರಡು ಕಳೀತು, ಫ್ರೆಂಚರು ಬಂದು ಹೋದ್ರು. ಎಲ್ಲರ ಕೈಯಿಂದ ತಪ್ಪಿಸ್ಕೊಂಡು ಕೊನೆಗೆ ನಿಮ್ಮೂರ ಹೆಂಗಸರ ಕೈಗೆ ಸಿಕ್ಕಿಬಿದ್ದನಾ ಪಾಪ!"

ಡಿಂಫ್ನಾಗೆ ನಗು ಬಂತು. ಆದರೆ ಅವಳ ಕಣ್ಣು ಆ ಹುಡುಗಿ ಪೆಟ್ಟಿಗೆಯ ಬಗ್ಗೆ ಬರೆದುಕೊಳ್ಳುತ್ತಿದ್ದ ಪುಸ್ತಕದ ಮೇಲಿತ್ತು. ಮೂರನೆಯ ದಿನ ಬೆಳಿಗ್ಗೆ ಕಾಫಿ, ಬೆಣ್ಣೆ ರೊಟ್ಟಿ ತಂದುಕೊಟ್ಟು, ಸೊಂಟಕ್ಕೆ ಕಟ್ಟಿದ ಏಪ್ರನ್ನಿನ ಅಂಚನ್ನು ಸೆರಗಿನಂತೆ ಹಿಂಡುತ್ತ ನಿಂತಳು.

"ಮೇಡಂ, ಅದೋ ಆ ಖಾಲಿ ಜಾಗ... ಅದರ ಬಗ್ಗೆ ಪುಸ್ತಕದಲ್ಲಿ ಏನಂತ ಬರೀತೀರಿ?"

"ಇನ್ನೂ ಬರೆದಿಲ್ಲ. ಯಾಕೆ?"

ಡಿಂಫ್ನಾ ಹೇಳಿದಳು. ಏಳು ಗಂಟು, ಆರು ಗೊಂಬೆ, ಅಟ್ಟ, ಒಲೆ, ಬಾವಿ. "ನಮ್ಮ ಮನೆ ಹೆಸರು ಬರೀಬೇಡಿ ಅಂತ ಕೇಳಲ್ಲ. ಕದ್ದಿದ್ರೆ ಬರೀರಿ. ಆದ್ರೆ ಅತ್ತೆ ಬದುಕಿರೋವರೆಗೂ ಆ ಪುಸ್ತಕ ಊರಿಗೆ ಕಳಿಸ್ಬೇಡಿ. ಅಷ್ಟು ಮಾಡಿ ಸಾಕು."

ಯೊಸೀನ್ ಕಾಫಿ ಲೋಟ ಕೆಳಗಿಟ್ಟಳು. "ಒಬ್ಬರು ಹೇಳಿದ್ದು ಕೇಳಿ ನಾನು ಬರೆಯಲ್ಲಮ್ಮ. ಮರ ಹೇಳಿದ್ದು ಬರೀತೀನಿ. ಇಲ್ಲಿ ಪ್ರತಿ ಗೊಂಬೆ ಕಾಲಿಗೂ ಒಂದು ಗೂಟ ಇದೆ, ಆ ಗೂಟಕ್ಕೆ ನೆಲದಲ್ಲಿ ಒಂದು ತೂತು ಇದೆ. ಅಲ್ಲಿ ಯಾರಾದ್ರೂ ನಿಂತಿದ್ರೆ ತೂತು ಇರ್ಲೇಬೇಕು. ಹತ್ತಿ ಬನ್ನಿ, ಒಟ್ಟಿಗೇ ನೋಡೋಣ."

"ನಾನು ಹತ್ತಬಾರದು ಮೇಡಂ."

"ನನ್ನ ಏಣಿ ಇದು. ಬನ್ನಿ."

ಅರವತ್ತೊಂದು ವರ್ಷದಲ್ಲಿ ಮೊದಲ ಸಲ ಡಿಂಫ್ನಾ ಆ ಕೊಟ್ಟಿಗೆಯನ್ನು ಹತ್ತಿರದಿಂದ ಕಂಡಳು. ದಾಮ್ಸರ ಜಾಗ ಮೇಣದ ಹೊಗೆ ಕುಡಿದು ಕಪ್ಪಾಗಿತ್ತು. ತೊಳೆಯುವವರು ಯಾರೂ ಆ ಜಾಗ ಮುಟ್ಟಿರಲಿಲ್ಲ. ಕಳ್ಳರ ಜಾಗ ತೊಳೆಯಲು ಯಾರಿಗೇನು ಹುಚ್ಚೇ? ಯೊಸೀನ್ ಕಡ್ಡಿಗೆ ಹತ್ತಿ ಸುತ್ತಿ, ನಾಲಿಗೆಗೆ ಮುಟ್ಟಿಸಿ, ನಿಧಾನವಾಗಿ ಒರೆಸತೊಡಗಿದಳು. ಆ ಹೊತ್ತಿಗೇ ಪಾದ್ರಿಗಳು ಒಳಗೆ ಬರಬೇಕೇ!

"ಅಯ್ಯೋ ತಾಯಿ, ಬಲಿಪೀಠದ ಮೇಲೆ ಎಂಜಲು ಹಚ್ತಿದ್ದೀರಾ!"

"ನಿಮ್ಮೂರ ಸೋಪಿಗಿಂತ ನನ್ನ ಎಂಜಲು ವಾಸಿ ಫಾದರ್. ಸುಮ್ನಿರಿ ಒಂದ್ನಿಮಿಷ."

ಕಪ್ಪು ಹೋಗುತ್ತ ಹೋಗುತ್ತ ಅಡಿಯಲ್ಲಿ ಹಸಿರು ಕಂಡಿತು. ಆಮೇಲೆ ಒಂದು ಬಿಳಿ ಹೂವು. ಅದರ ಪಕ್ಕ ಮೂರೆಲೆಯ ಗಿಡ, ಕಡ್ಡಿಯ ತುದಿಯಷ್ಟು ಕೆಂಪು ಸ್ಟ್ರಾಬೆರಿ ಹಣ್ಣು. ಅಂಚಿನಲ್ಲಿ ಚಿನ್ನ. ಒಂದು ಗಂಟೆ ಒರೆಸಿದಳು. ತೂತು ಇರಲಿಲ್ಲ. ಯೊಸೀನ್ ಪಕ್ಕದ ಸೂಲಗಿತ್ತಿಯನ್ನು ಮೆಲ್ಲಗೆ ಮೇಲೆತ್ತಿದಳು. ಅವಳು ನಿಂತಿದ್ದ ನೆಲದಲ್ಲಿ ಬರೀ ಮರ, ನಡುವೆ ಗೂಟದ ತೂತು.

"ನೋಡಿದ್ರಾ? ಬಣ್ಣ ಹಚ್ಚೋರು ಮಹಾ ಜಿಪುಣರು. ಕಾಲಡಿ ಮುಚ್ಚಿಹೋಗೋ ಜಾಗಕ್ಕೆ ಬಣ್ಣ ದಂಡ ಮಾಡಲ್ಲ. ನಿಮ್ಮ ಜಾಗದಲ್ಲಿ ಹೂವು, ಹಣ್ಣು, ಚಿನ್ನ ಎಲ್ಲ ಇದೆ. ಇಲ್ಲಿ ಯಾವತ್ತೂ ಯಾರೂ ನಿಂತಿಲ್ಲಮ್ಮ. ಮಾಡಿದ ದಿನದಿಂದಲೂ ಇದು ಖಾಲಿ."

ಡಿಂಫ್ನಾ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಪಾದ್ರಿಗಳು ಆಗಲೇ ಉತ್ಸಾಹದಿಂದ, "ಭಾನುವಾರ ಪ್ರವಚನದಲ್ಲೇ ಹೇಳಿಬಿಡ್ತೀನಿ!" ಎಂದರು. ಆದರೆ ಇಳಿದ ಕಲ್ಲು ಅರ್ಧ ದಾರಿಯಲ್ಲಿ ನಿಂತಿತು.

"ಬೇಡ ಫಾದರ್. ಏಳು ಗಂಟು ಹೋಗಿದ್ದು ನಿಜ. ಏಳನೇದ್ರಲ್ಲಿ ಏನಿತ್ತು? ಗೊಂಬೆ ಅಲ್ಲದಿದ್ರೆ ಬೆಳ್ಳಿ ಬಟ್ಟಲು ನುಂಗಿದ್ರು ಅಂತಾರೆ. ರೊಮಾನಿ ಬಾಯಿ ನಿಮಗೆ ಗೊತ್ತಲ್ಲ."

ಪಾದ್ರಿಗಳಿಗೆ ಆ ಬಾಯಿ ಚೆನ್ನಾಗಿ ಗೊತ್ತಿತ್ತು. ಪ್ರವಚನದ ಮಾತು ಬಿಟ್ಟರು.

ಹಬ್ಬದ ಹಿಂದಿನ ದಿನ ಬಂತು. ಈ ಸಲ ತೊಳೆಯುವಂತಿಲ್ಲ ಎಂದು ಪಾದ್ರಿಗಳು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಆ ಚೀಟಿಯ ಮುಂದೆಯೇ ಹಾದು ಆರು ಬಕೆಟ್ಟುಗಳು ಒಳಗೆ ಬಂದವು. ಮುಂದೆ ಎಪ್ಪತ್ತರ ರೊಮಾನಿ, ತೋಳು ಮಡಿಸಿಕೊಂಡು. ಹೊರಗೆ ಮಳೆ ಹನಿಯುತ್ತಿದ್ದುದರಿಂದ ಎಲ್ಲರೂ ಮರದ ಮೆಟ್ಟುಗಳನ್ನು ಬಾಗಿಲಲ್ಲೇ ಬಿಟ್ಟು ಬಂದಿದ್ದರು. ಇಂಥ ರಾಶಿಯಲ್ಲಿ ಅದಲುಬದಲಾಗದಿರಲಿ ಎಂದೇ ಈ ಸೀಮೆಯಲ್ಲಿ ಪ್ರತಿ ಮನೆಗೂ ಒಂದು ಗುರುತು. ಮೆಟ್ಟಿನ ಅಡಿ, ಗುದ್ದಲಿಯ ಹಿಡಿ, ಕಾಳಿನ ಚೀಲ, ಎಲ್ಲದರ ಮೇಲೂ ಅದನ್ನು ಕೆತ್ತುವುದೋ ಬರೆಯುವುದೋ ರೂಢಿ.

"ಏಣಿ ಬಿಡಿ ತಾಯಿ," ಎಂದಳು ರೊಮಾನಿ. "ನಮ್ಮ ಜೋಸೆಫನ್ನ ಮುಟ್ಬೇಡಿ ಅನ್ನೋಕೆ ನೀವ್ಯಾರು? ಮೊನ್ನೆ ತಾನೇ ಬಸ್ಸಿಳಿದೋರು."

"ಮುಟ್ಟಿದ್ದು ಸಾಕಾಗಿದೆ ಅಮ್ಮಾ. ಇನ್ನು ಹತ್ತು ವರ್ಷ ಉಜ್ಜಿದ್ರೆ ಅವನ ಮೂಗೂ ಇರಲ್ಲ."

"ಕೊಳಕು ಮುಖದಲ್ಲಿ ಹಬ್ಬಕ್ಕೆ ನಿಲ್ಲಿಸೋದಾ? ನಮ್ಮ ಮನೆಯೋನು ಅವನು! ಏಯ್ ಡಿಂಫ್ನಾ, ನೀನ್ಯಾಕೆ ಅಲ್ಲಿ ಏಣಿ ಹತ್ರ ನಿಂತಿದ್ದೀಯ? ಇರೋ ಆರರ ಮೇಲೂ ಕಣ್ಣು ಬಿತ್ತಾ?"

ಹಿಂದೆ ಯಾರೋ ಕಿಸಕ್ಕೆಂದರು. ಡಿಂಫ್ನಾಳ ಮುಖ ಕೆಂಪಾಯಿತು. ಯೊಸೀನ್ ಒಂದು ಗಳಿಗೆ ಎಲ್ಲರನ್ನೂ ನೋಡಿದಳು. "ಸರಿ. ತೊಳೆಯೋದು ಬೇಡ. ಒಬ್ಬೊಬ್ಬರ ಗೊಂಬೆ ಇಳಿಸಿ ಕೈಗೆ ಕೊಡ್ತೀನಿ. ಒಣ ಬ್ರಷ್ಷಲ್ಲಿ ಧೂಳು ಹೊಡೀರಿ. ಅಷ್ಟಕ್ಕೆ ಒಪ್ಪಿಗೆನಾ?"

ಆರು ಮನೆಯವರು ಗೊಣಗುತ್ತ ಒಪ್ಪಿದರು. ಮೊದಲು ಸೂಲಗಿತ್ತಿ ಇಳಿದಳು. ಗಿರಣಿಯವರ ಸೊಸೆ ಅವಳನ್ನು ತಿರುಗಿಸಿ ನೋಡಿ, "ಅರೆ, ಇಲ್ಲಿ ನೋಡಿ, ಕಾಲಡಿ ನಮ್ಮ ಮನೆ ಗುರುತು!" ಎಂದು ಕೂಗಿದಳು. ಕಾದ ಕಬ್ಬಿಣದಲ್ಲಿ ಎಳೆದ ಚಕ್ರ. ಗಂಟು ಹಂಚಿದ ದಿನ ಯಾರ ಮನೆಗೆ ಯಾವುದು ಎಂದು ಯಾರೋ ಬುದ್ಧಿವಂತರು ಗುರುತು ಹಾಕಿದ್ದರು. ಹಾಕಿದವರು ಸತ್ತರು, ತೊಳೆಯುವವರು ಯಾರೂ ಗೂಟದಿಂದ ಗೊಂಬೆ ಎತ್ತಲಿಲ್ಲ, ಮಾತು ಮರೆತುಹೋಯಿತು. ದೇವದೂತನ ಅಡಿ ಬೀಗದ ಕೈ, ಕುರುಬರ ಅಡಿ ಒಬ್ಬನಿಗೆ ಕುಡುಗೋಲು, ಒಬ್ಬನಿಗೆ ಅಡ್ಡಗೀಟು. ಮರಿಯಮ್ಮನಿಗೆ ಕಮ್ಮಾರರ ಲಾಳ.

ಕೊನೆಗೆ ಯೊಸೀನ್ ಜೋಸೆಫನನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದಳು. ಜೋಸೆಫ್ ಬಂದ. ಅವನ ಮುಂದಿನ ಬೆಂಕಿಯ ಮೇಲಿದ್ದ ಗಂಜಿ ಕುಡಿಕೆ ಬರಲಿಲ್ಲ.

"ಮುರಿದುಬಿಟ್ರಾ?" ರೊಮಾನಿ ಚೀರಿದಳು.

"ಮುರಿದಿಲ್ಲ. ಅದು ಬೇರೇನೇ ಇದೆ." ಯೊಸೀನ್ ಜೋಸೆಫನನ್ನು ಅವಳ ಕೈಗಿಟ್ಟಳು. ಅವನ ಕಾಲಡಿ ಲೆನಾರ್ಟ್ಸರ ಕವೆಗೋಲು ಸ್ಪಷ್ಟವಾಗಿತ್ತು. ಆಮೇಲೆ ಬಗ್ಗಿ, ಎರಡು ಬೆರಳಲ್ಲಿ ಕುಡಿಕೆಯನ್ನು ಹಿಡಿದು ತಿರುಗಿಸಿದಳು. ಅದಕ್ಕೂ ಒಂದು ಪುಟ್ಟ ಗೂಟವಿತ್ತು. ಮೊಟ್ಟೆಯ ಅರ್ಧ ಚಿಪ್ಪಿನಷ್ಟು ಕುಡಿಕೆ ಕೈಗೆ ಬಂತು. ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದಳು. "ಇದಕ್ಕೂ ಗುರುತಿದೆ. ಮೂರು ಗೀಟು, ಒಂದು ಚುಕ್ಕೆ. ಇದು ಯಾರ ಮನೇದು?"

ಎಲ್ಲರಿಗೂ ಗೊತ್ತಿತ್ತು. ಡಿಂಫ್ನಾ ಬಾಗಿಲಿಗೆ ಓಡಿದಳು. ಮೆಟ್ಟುಗಳ ರಾಶಿಯಿಂದ ತನ್ನದೊಂದನ್ನು ಎತ್ತಿಕೊಂಡು ಬಂದಳು. ಕಾಲುಚೀಲದಲ್ಲಿ ಒದ್ದೆ ಹೆಜ್ಜೆ ಮೂಡಿಸುತ್ತ ಬಲಿಪೀಠದ ಮೆಟ್ಟಿಲೇರಿ, ಕೆಸರು ಮೆತ್ತಿದ ಮೆಟ್ಟನ್ನು ಬೋರಲು ಹಾಕಿ ಕುಡಿಕೆಯ ಪಕ್ಕ ಹಿಡಿದಳು. ಮೂರು ಗೀಟು, ಒಂದು ಚುಕ್ಕೆ.

"ಕೊಟ್ಟಿದ್ವಿ," ಎಂದಳು. "ನಾವು ಕೊಟ್ಟಿದ್ವಿ."

ಪಾದ್ರಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ಗಿರಣಿಯವರ ಸೊಸೆ ಶಿಲುಬೆಯ ಗುರುತು ಮಾಡಿಕೊಂಡಳು. ರೊಮಾನಿ ಮಾತ್ರ ಜೋಸೆಫನನ್ನು ಮಗುವಿನಂತೆ ಸೊಂಟಕ್ಕೆ ಒತ್ತಿಕೊಂಡು, ಬಾಯಿ ತೆರೆದು ಕುಡಿಕೆಯನ್ನೇ ನೋಡುತ್ತಿದ್ದಳು.

"ಹಾಗಾದ್ರೆ ನಲವತ್ತು ವರ್ಷ ನಾನು ಉಜ್ಜಿದ್ದು ನಿಮ್ಮನೆ ಕುಡಿಕೇನಾ?"

"ಚೆನ್ನಾಗೇ ಉಜ್ಜಿದ್ದೀರಿ," ಎಂದಳು ಡಿಂಫ್ನಾ, ಕಣ್ಣೊರೆಸಿಕೊಳ್ಳುತ್ತ. "ಕೆಲಸಕ್ಕೆ ಬರೋದಾದ್ರೆ ಬನ್ನಿ, ಮನೇಲಿ ಇನ್ನೂ ನಾಲ್ಕು ಪಾತ್ರೆ ಇದಾವೆ."

ಚರ್ಚು ಎಂಬುದನ್ನೂ ನೋಡದೆ ಎಲ್ಲರೂ ಗೊಳ್ಳೆಂದು ನಕ್ಕರು. ರೊಮಾನಿ ನಗಲಿಲ್ಲ. ಬಕೆಟ್ಟಿನಿಂದ ತನ್ನ ಸೋಪಿನ ಗಡ್ಡೆ ತೆಗೆದು ಡಿಂಫ್ನಾಳ ಏಪ್ರನ್ನಿನ ಜೇಬಿಗೆ ಹಾಕಿದಳು. ಈ ಊರಿನಲ್ಲಿ ಒಬ್ಬ ಹೆಂಗಸು ಇನ್ನೊಬ್ಬಳಿಗೆ ತನ್ನ ಸೋಪು ಕೊಟ್ಟಳೆಂದರೆ ಅದಕ್ಕಿಂತ ದೊಡ್ಡ ಕ್ಷಮಾಪಣೆ ಇಲ್ಲ. "ನಮ್ಮ ಅತ್ತೆ ಹೇಳಿದ್ದು ನಾನು ಹೇಳ್ದೆ," ಎಂದು ಗೊಣಗಿದಳು. "ತಪ್ಪಾಯ್ತು. ಹೋಗು, ಮೊದಲು ಕೊಲೆಟಾನ ಕರ್ಕೊಂಡ್ ಬಾ."

ಕೊಲೆಟಾ ಅಡುಗೆಮನೆಯಲ್ಲಿ ಕೂತು ಮರಳಿನಲ್ಲಿ ಕುಡಿಕೆ ತಿಕ್ಕುತ್ತಿದ್ದಳು. ಡಿಂಫ್ನಾ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. ಇಷ್ಟು ವರ್ಷ ಕಣ್ಣೆದುರಿಗೇ ಇದ್ದದ್ದು ಈಗ ಅವಳಿಗೆ ಅರ್ಥವಾಯಿತು.

"ಅತ್ತೆ, ಇವತ್ತೇ ಯಾಕೆ ಇದನ್ನ ತಿಕ್ತೀರಿ?"

"ನಮ್ಮಜ್ಜಿ ಹೇಳ್ತಿದ್ಳು. ಅವರು ಅವರದು ತೊಳೀಲಿ, ನಾವು ನಮ್ಮದು ತೊಳೆಯೋಣ ಅಂತ. ಯಾಕೋ ಏನೋ, ಅವಳಿಗೂ ಗೊತ್ತಿರಲಿಲ್ಲ."

"ನನಗೆ ಗೊತ್ತಾಯ್ತು. ಏಳಿ, ಕೋಟು ಹಾಕ್ಕೊಳ್ಳಿ."

ದಾರಿಯುದ್ದಕ್ಕೂ ಡಿಂಫ್ನಾ ಹೇಳುತ್ತ ಬಂದಳು. ಬಾಗಿಲ ಪಕ್ಕದ ಬೆಂಚಿಗೆ ಬಂದಾಗ ಅಭ್ಯಾಸಬಲದಿಂದ ಕೊಲೆಟಾಳ ಕಾಲು ನಿಂತಿತು. ಡಿಂಫ್ನಾ ತೋಳು ಹಿಡಿದು ಮುಂದಕ್ಕೆ ನಡೆಸಿದಳು. ಆರು ಮನೆಯವರು ಎರಡು ಬದಿಗೆ ಸರಿದರು. ಯೊಸೀನ್ ಆ ಪುಟ್ಟ ಕುಡಿಕೆಯನ್ನು ಮುದುಕಿಯ ಅಂಗೈ ಮೇಲಿಟ್ಟಳು. ಕೊಲೆಟಾ ಬೆರಳಿನಿಂದ ಅದರ ಅಡಿ ಸವರಿದಳು. ಒಂದು, ಎರಡು, ಮೂರು ಗೀಟು. ಚುಕ್ಕೆ.

"ಇಷ್ಟೇನಾ?" ಎಂದಳು. "ಇಷ್ಟು ಚಿಕ್ಕದಕ್ಕಾ ನನ್ನ ಮದುವೆ ತಪ್ಪಿದ್ದು?"

ನಕ್ಕಳು. ನಗುತ್ತ ನಗುತ್ತಲೇ ಅತ್ತಳು. ಡಿಂಫ್ನಾ ಅವಳ ಬೆನ್ನು ಸವರುತ್ತ ತಾನೂ ಅತ್ತಳು, ಯಾರು ನೋಡಿದರೂ ಲೆಕ್ಕಿಸದೆ.

ಯೊಸೀನ್ ಗೊಂಬೆಗಳನ್ನು ಒಂದೊಂದಾಗಿ ಅವುಗಳ ಗೂಟಕ್ಕೆ ಕೂರಿಸಿದಳು. ಕೊನೆಗೆ ಕುಡಿಕೆಯನ್ನು ಡಿಂಫ್ನಾಳ ಕೈಗೆ ಕೊಟ್ಟು ಏಣಿ ತೋರಿಸಿದಳು. ಡಿಂಫ್ನಾ ಹತ್ತಿ ಅದನ್ನು ಬೆಂಕಿಯ ಮೇಲೆ ತಾನೇ ಇಟ್ಟಳು.

"ಆ ಖಾಲಿ ಜಾಗ ಹಾಗಾದ್ರೆ ಯಾರದಮ್ಮ?" ಕೊಲೆಟಾ ಕೇಳಿದಳು.

"ನಿಂತು ನೋಡಿದ್ರೆ ತಿಳಿಯಲ್ಲಜ್ಜಿ. ಮಂಡಿಯೂರಿ ನೋಡಿ," ಎಂದಳು ಯೊಸೀನ್.

ಕೊಲೆಟಾ ಡಿಂಫ್ನಾಳ ಭುಜ ಹಿಡಿದು ಮೆಟ್ಟಿಲ ಮೇಲೆ ಮೆಲ್ಲಗೆ ಮಂಡಿಯೂರಿದಳು. ತಲೆಯೆತ್ತಿದಾಗ ಮಗು ನೇರ ಅವಳನ್ನೇ ನೋಡುತ್ತಿತ್ತು. ಎಡಗಡೆ ಸೂಲಗಿತ್ತಿ, ಬಲಗಡೆ ಕುರುಬ. ನಡುವಿನ ಹೂವು, ಹಣ್ಣಿನ ನೆಲ ಅವಳ ಮಂಡಿಯ ಬುಡದವರೆಗೂ ಬಂದಂತಿತ್ತು. ಕೂಟದಲ್ಲಿ ಕಡಿಮೆಯಿದ್ದ ಒಬ್ಬರು ಬಂದು ಸೇರಿದ್ದರು, ಅಷ್ಟೇ.

"ಓಹೋ," ಎಂದಳು ಕೊಲೆಟಾ. "ಬಂದು ಮಂಡಿಯೂರಿದೋರ ಜಾಗ ಇದು. ಊರೋರು ಸರಿಯಾಗೇ ಹೇಳಿದ್ರು ಕಣೇ ಡಿಂಫ್ನಾ. ಇದು ದಾಮ್ಸರ ಜಾಗಾನೇ."

ಬಹಳ ಹೊತ್ತಾದರೂ ಅವಳು ಏಳಲಿಲ್ಲ. ಹಿಂದೆ ರೊಮಾನಿ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದಳು, ಕೆಮ್ಮಿದಳು. ಕೊನೆಗೆ ತಡೆಯಲಾರದೆ, "ಕೊಲೆಟಾ, ಸ್ವಲ್ಪ ಸರಿಯೇ. ನಮಗೂ ನೋಡೋಕೆ ಬಿಡು," ಎಂದಳು.

"ನಾವು ನೂರೈವತ್ತು ವರ್ಷ ಕಾದಿದ್ದೀವಿ," ಎಂದಳು ಕೊಲೆಟಾ, ತಿರುಗಿಯೂ ನೋಡದೆ. "ನೀನೊಂದು ಗಳಿಗೆ ಕಾಯಿ."

ರೊಮಾನಿ ಬಕೆಟ್ಟು ಕೆಳಗಿಟ್ಟು ಕಾದಳು.